23 ನಿಮಿಷದ ಯುರೇನಿಯಂ: ಲಿಸೆ ಮೈಟ್ನರ್

ಲಿಸೆ ಮೈಟ್ನರ್ ಎಂದರೆ ಪರಮಾಣು ವಿದಳನ, ಕೈತಪ್ಪಿದ ನೊಬೆಲ್. ಆ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಅದಕ್ಕೂ ಮುಂಚಿನ ಅವರ ಒಂದು ಕೆಲಸ ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ.

1878ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಲಿಸೆ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1907ರಲ್ಲಿ ಬರ್ಲಿನ್‌ಗೆ ಬಂದರು. ಅಲ್ಲಿನ ರಸಾಯನ ಸಂಸ್ಥೆಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯಲ್ಲಿದ್ದ ಹಳೆಯ ಬಡಗಿ ಕೋಣೆಗೆ ಬೇರೆ ಬಾಗಿಲಿನಿಂದ ಬಂದು ಒಟ್ಟೊ ಹಾನ್ ಜೊತೆ ಕೆಲಸ ಮಾಡಬೇಕಿತ್ತು. ಸಂಬಳವಿಲ್ಲ. ಶೌಚಾಲಯಕ್ಕೆ ಹತ್ತಿರದ ಹೋಟೆಲಿಗೆ ಹೋಗಬೇಕು. ಅದೆಂಥ ಕಷ್ಟವೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ! 1926ರಲ್ಲಿ ಅದೇ ಬರ್ಲಿನ್‌ನಲ್ಲಿ ಅವರು ಪ್ರೊಫೆಸರ್ ಆದರು.

1934ರಿಂದ ಮೈಟ್ನರ್, ಹಾನ್, ಸ್ಟ್ರಾಸ್‌ಮನ್ ಮೂವರೂ ಯುರೇನಿಯಂ ಮೇಲೆ ನ್ಯೂಟ್ರಾನ್ ಹಾಯಿಸಿ ನೋಡುತ್ತಿದ್ದರು. ಹುಟ್ಟಿದ ಹತ್ತಾರು ವಸ್ತುಗಳಲ್ಲಿ ಒಂದು, 23 ನಿಮಿಷಕ್ಕೆ ಅರ್ಧ ಕರಗುತ್ತಿತ್ತು. ಒಂದು ನಿರ್ದಿಷ್ಟ ವೇಗದ ನ್ಯೂಟ್ರಾನ್‌ಗಳನ್ನು ಯುರೇನಿಯಂ ಒಡೆಯದೆ ನುಂಗಿಬಿಡುತ್ತದೆ, ಹುಟ್ಟುವುದು ಒಂದು ನ್ಯೂಟ್ರಾನ್ ಹೆಚ್ಚಿರುವ ಯುರೇನಿಯಂ ಎಂದು ಅವರು ಸರಿಯಾಗಿಯೇ ಗುರುತಿಸಿದರು. ಅದು ಕ್ಷಯಿಸಿದರೆ 93ನೇ ಮೂಲವಸ್ತು ಬರಲೇಬೇಕು. ಆದರೆ ಅವರ ನ್ಯೂಟ್ರಾನ್ ಆಕರ ದುರ್ಬಲವಾಗಿತ್ತು, ಹಿಡಿಯಲಾಗಲಿಲ್ಲ. 1940ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಮತ್ತು ಏಬಲ್ಸನ್ ಹಿಡಿದರು: ನೆಪ್ಚೂನಿಯಂ. ಅದು ಕೆಲವು ದಿನಗಳಲ್ಲಿ ಪ್ಲುಟೋನಿಯಂ ಆಗುತ್ತದೆ.

ಇಂದಿಗೂ ರಿಯಾಕ್ಟರ್‌ನಲ್ಲಿ ಪ್ಲುಟೋನಿಯಂ ಹುಟ್ಟುವುದು ಇದೇ ದಾರಿಯಲ್ಲಿ. ಚೆನ್ನೈ ಬಳಿಯ ಕಲ್ಪಾಕ್ಕಂನ 500 ಮೆಗಾವ್ಯಾಟ್ ಫಾಸ್ಟ್ ಬ್ರೀಡರ್‌ಗೆ ಯುರೇನಿಯಂ, ಪ್ಲುಟೋನಿಯಂ ಎರಡರ ಆಕ್ಸೈಡ್ ಬೆರೆಸಿದ ಇಂಧನವೇ ಬೇಕು. ಅಲ್ಲಿ ಪ್ಲುಟೋನಿಯಂ ಒಡೆಯುತ್ತದೆ, ಯುರೇನಿಯಂ ನ್ಯೂಟ್ರಾನ್ ನುಂಗಿ ಹೊಸ ಪ್ಲುಟೋನಿಯಂ ಆಗುತ್ತದೆ. ಒಂದು ನಾಜೂಕು ಇದೆ. ವಿದಳನದ ನ್ಯೂಟ್ರಾನ್‌ಗಳಲ್ಲಿ ಕೆಲವು ತಡವಾಗಿ ಬರುತ್ತವೆ, ರಿಯಾಕ್ಟರನ್ನು ಹತೋಟಿಯಲ್ಲಿಡಲು ಅವೇ ಆಸರೆ. ಯುರೇನಿಯಂ-235ರಲ್ಲಿ ಅವು ಸಾವಿರಕ್ಕೆ ಆರೇಳು, ಪ್ಲುಟೋನಿಯಂ-239ರಲ್ಲಿ ಎರಡೇ. ಹಾಗಾಗಿ ಹಿಡಿತ ಇನ್ನೂ ಬಿಗಿಯಾಗಿರಬೇಕು.

ಯಹೂದಿ ಮೂಲದ ಲಿಸೆ 1938ರ ಜುಲೈಯಲ್ಲಿ ರೈಲು ಹತ್ತಿ ಗಡಿ ದಾಟಿದರು. ಪರ್ಸಿನಲ್ಲಿ 10 ಮಾರ್ಕ್, ಜೊತೆಗೆ ಗಡಿ ಕಾವಲಿನವರಿಗೆ ಲಂಚ ಕೊಡಬೇಕಾದರೆ ಇರಲೆಂದು ಹಾನ್ ಕೊಟ್ಟ ವಜ್ರದುಂಗುರ. ಆ ಡಿಸೆಂಬರಿನಲ್ಲಿ ಯುರೇನಿಯಂನಿಂದ ಬೇರಿಯಂ ಹೇಗೆ ಬಂತೆಂದು ತಿಳಿಯದೆ ಹಾನ್ ಪತ್ರ ಬರೆದರು. ಸ್ವೀಡನ್ನಿನ ಹಿಮದಲ್ಲಿ ಅಕ್ಕನ ಮಗ ಒಟ್ಟೊ ಫ್ರಿಶ್ ಜೊತೆ ನಡೆಯುತ್ತಾ, ಯುರೇನಿಯಂ ಬೀಜ ಎರಡಾಗಿ ಸೀಳಿದೆ ಎಂದು ಲಿಸೆ ಲೆಕ್ಕ ಹಾಕಿದರು. 1944ರ ನೊಬೆಲ್ ಮಾತ್ರ ಹಾನ್ ಒಬ್ಬರಿಗೇ.

ಬಾಂಬ್ ಕೆಲಸಕ್ಕೆ ಕರೆ ಬಂದಾಗ ಲಿಸೆ ಒಲ್ಲೆ ಎಂದರು. 1968ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು. ಬ್ರಾಮ್ಲಿ ಎಂಬ ಹಳ್ಳಿಯಲ್ಲಿ, ತಮ್ಮ ವಾಲ್ಟರ್ ಸಮಾಧಿಯ ಬಳಿಯೇ ಅವರ ಸಮಾಧಿಯಿದೆ.