ಮೂವತ್ತೊಂಬತ್ತಕ್ಕೆ ವಿಮಾನ ಕಲಿತ ಟ್ರೆಂಚರ್ಡ್

ಯರಮರಸ್ ಹತ್ರ ಏರ್‌ಪೋರ್ಟ್ ಕೆಲಸ ಶುರುವಾದಾಗಿಂದ ನಮ್ಮಲ್ಲಿ ಪೈಲಟ್ ಆಗೋ ಮಾತು ಜಾಸ್ತಿ. ಫೀಸಿನ ಮಾತು ಬಂದ ಕೂಡಲೇ ಮಾನ್ವಿ, ದೇವದುರ್ಗದ ಗೆಳೆಯರು ಎಷ್ಟು ಎಕರೆ ಹೊಲ ಮಾರಬೇಕು ಅಂತ ಲೆಕ್ಕ ಹಾಕ್ತಾರೆ. ಮೊದಲು ದುಡಿದು, ದುಡ್ಡು ಕೂಡಿಸಿ, ಆಮೇಲೆ ಕಲಿತರೆ ವಯಸ್ಸು ಮೀರ್ತದೇನು? ಅದಕ್ಕೇ ಹ್ಯೂ ಟ್ರೆಂಚರ್ಡ್ ಕಥೆ ಹೇಳ್ತೀವಿ.

ಈತ ಹುಟ್ಟಿದ್ದು 1873ರಲ್ಲಿ, ಇಂಗ್ಲೆಂಡಿನ ಟಾಂಟನ್‌ನಲ್ಲಿ. ವಕೀಲನಾಗಿದ್ದ ಅಪ್ಪ ದಿವಾಳಿಯಾದ. ಮಗ ನೌಕಾಪಡೆ ಪರೀಕ್ಷೆಯಲ್ಲಿ ಫೇಲ್, ವುಲಿಚ್ ಮಿಲಿಟರಿ ಅಕಾಡೆಮಿ ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಬ್ಯಾಕ್‌ಲಾಗ್ ಇರೋರು ಗಮನಿಸ್ರಿ. ಹೇಗೋ 1893ರಲ್ಲಿ ಕಾಲಾಳು ಪಡೆ ಸೇರಿ ಭಾರತಕ್ಕೆ ಬಂದ. 1900ರಲ್ಲಿ ಬೋಯರ್ ಯುದ್ಧದಲ್ಲಿ ಎದೆಗೆ ಗುಂಡು ಬಿದ್ದು ಒಂದು ಶ್ವಾಸಕೋಶ ಕೆಟ್ಟಿತು. ಆಮೇಲೆ ನೈಜೀರಿಯಾದಲ್ಲಿ ವರ್ಷಗಟ್ಟಲೆ ನೌಕರಿ.

1912ರಲ್ಲಿ ವಯಸ್ಸು 39. ಇನ್ನೂ ಮೇಜರ್, ಮುಂದೆ ದಾರಿ ಕಾಣ್ತಿಲ್ಲ. ವಿಮಾನ ಕಲಿ ಅಂತ ಗೆಳೆಯ ಲೊರೇನ್ ಪತ್ರ ಬರೆದ. ಸೇನೆಯ ಹೊಸ ವಿಮಾನ ಶಾಲೆ 40 ದಾಟಿದವರನ್ನು ತಗೊಳ್ತಿರಲಿಲ್ಲ. ಅದಕ್ಕೂ ಮೊದಲು ಸ್ವಂತ ಖರ್ಚಲ್ಲಿ ಲೈಸೆನ್ಸ್ ತೆಗೀಬೇಕು. ಟ್ರೆಂಚರ್ಡ್ ರಜೆ ಹಾಕಿ ಬ್ರೂಕ್‌ಲ್ಯಾಂಡ್ಸ್‌ನ ಸಾಪ್‌ವಿತ್ ಶಾಲೆಗೆ 75 ಪೌಂಡ್ ಕಟ್ಟಿದ. ಅದೇ ಜುಲೈನಲ್ಲಿ ಲೊರೇನ್ ವಿಮಾನ ಬಿದ್ದು ಸತ್ತ. ಈತ ಹಿಂದೆ ಸರಿಯಲಿಲ್ಲ. 13 ದಿನದಲ್ಲಿ ಲೈಸೆನ್ಸ್ ಬಂತು. ಗಾಳಿಯಲ್ಲಿ ಕಳೆದ ಹೊತ್ತು ಒಟ್ಟು 64 ನಿಮಿಷ! ಇವತ್ತು ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಖರ್ಚೆಲ್ಲ ಹೋಗೋದು ಅಲ್ಲೇ.

ನಿಜ ಹೇಳಬೇಕಂದ್ರೆ ಈತ ಒಳ್ಳೆ ಪೈಲಟ್ ಅಲ್ಲ. ಒಂದು ಕಣ್ಣು ಸರಿ ಕಾಣ್ತಿರಲಿಲ್ಲ, ಅದನ್ನ ಮುಚ್ಚಿಟ್ಟಿದ್ದ. ಸೇನೆಯ ಶಾಲೆಯಲ್ಲಿ ಸಿಬ್ಬಂದಿಯಾಗಿ ಸೇರಿದ ಮೇಲೆ ತಾನೇ ಪ್ರಶ್ನೆಪತ್ರಿಕೆ ತೆಗೆದು, ತಾನೇ ಬರೆದು, ತಾನೇ ಮಾರ್ಕ್ಸ್ ಹಾಕಿಕೊಂಡು ಪಾಸಾದ. ನಮಗೆ ಇಂಥ ಯೋಗ ಎಲ್ಲಿ ಬರಬೇಕು!

ಆದರೆ ಆಡಳಿತದಲ್ಲಿ ಗಟ್ಟಿಗ. 1918ರ ಏಪ್ರಿಲ್ 1ಕ್ಕೆ ಬ್ರಿಟಿಷ್ ವಾಯುಪಡೆ ಹುಟ್ಟೋ ಹೊತ್ತಿಗೆ ಅದರ ಮುಖ್ಯಸ್ಥ. ಅದೇ ವರ್ಷ ಫ್ರಾನ್ಸ್‌ನಲ್ಲಿ ಈತನ ಕೈಕೆಳಗೆ ಬಂದ 110ನೇ ಸ್ಕ್ವಾಡ್ರನ್‌ನ ವಿಮಾನಗಳು ಹೈದರಾಬಾದ್ ನಿಜಾಮರ ಕೊಡುಗೆ. ಆಗ ನಮ್ಮ ರಾಯಚೂರು ನಿಜಾಮರದ್ದು. ಅಂದ್ರೆ ಇಲ್ಲಿನ ರೈತರ ಕಂದಾಯವೂ ಆ ವಿಮಾನಗಳಲ್ಲಿ ಸೇರಿರಬೇಕು. ಅವುಗಳಲ್ಲಿ ಬಹಳ ಮರಳಿ ಬರಲಿಲ್ಲ. ಹುಡುಗರು ಸತ್ತರೂ ದಾಳಿ ನಿಲ್ಲಿಸದವನು ಅನ್ನೋ ದೂರು ಟ್ರೆಂಚರ್ಡ್ ಮೇಲಿದೆ. ಅದನ್ನ ನಾವು ಸುಳ್ಳು ಅನ್ನೋಲ್ಲ.

ನಮಗೆ ಹಿಡಿಸಿದ್ದು ಯುದ್ಧದ ನಂತರದ ಕೆಲಸ. ಬಡವರ ಮನೆ ಹುಡುಗರು ಸರ್ಕಾರದ ಖರ್ಚಲ್ಲಿ ಎಂಜಿನ್ ಕೆಲಸ ಕಲಿಯೋಕೆ ಈತ ಅಪ್ರೆಂಟಿಸ್ ಯೋಜನೆ ತಂದ. ಅವರಲ್ಲಿ ಚುರುಕಾದವರಿಗೆ ಕ್ರಾನ್‌ವೆಲ್ ಕಾಲೇಜಿನಲ್ಲಿ ಪೈಲಟ್ ತರಬೇತಿ, ಫೀಸಿಲ್ಲ. 1923ರಲ್ಲಿ ಹಾಗೆ ಸೇರಿದ ಮೆಕ್ಯಾನಿಕ್ ಮಗ ಫ್ರಾಂಕ್ ವಿಟ್ಲ್ 1930ರಲ್ಲಿ ಜೆಟ್ ಎಂಜಿನ್‌ಗೆ ಪೇಟೆಂಟ್ ಅರ್ಜಿ ಹಾಕಿದ. ಟ್ರೆಂಚರ್ಡ್ 1956ರವರೆಗೆ ಬದುಕಿದ್ದ, ಜೆಟ್ ವಿಮಾನ ಹಾರೋದನ್ನೂ ಕಂಡ.