ಕರ್ಟ್ ಲೆವಿನ್: ಅನುಭವವನ್ನೇ ಪಾಠವಾಗಿಸಿದ ಮನಶ್ಶಾಸ್ತ್ರಜ್ಞ

ತರಬೇತಿ ಶಿಬಿರಗಳಲ್ಲಿ ಒಬ್ಬರು ಗ್ರಾಹಕರಾಗಿ, ಮತ್ತೊಬ್ಬರು ಗುಮಾಸ್ತರಾಗಿ ಅಭಿನಯಿಸಿದ ಬಳಿಕ ಎಲ್ಲರೂ ಕುಳಿತು ವಿಮರ್ಶಿಸುವ ಪದ್ಧತಿ ನಮ್ಮಂಥ ಬ್ಯಾಂಕ್ ನೌಕರರಿಗೆ ಪರಿಚಿತ. ಅದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಕರ್ಟ್ ಲೆವಿನ್.

1890ರಲ್ಲಿ, ಇಂದು ಪೋಲೆಂಡಿಗೆ ಸೇರಿರುವ ಮೊಗಿಲ್ನೊ ಎಂಬಲ್ಲಿ ಯಹೂದಿ ಕುಟುಂಬದಲ್ಲಿ ಜನಿಸಿದ ಲೆವಿನ್, ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಹೋರಾಡಿ ಗಾಯಗೊಂಡರು. ಬರ್ಲಿನ್ನಿನಲ್ಲಿ ಅಧ್ಯಾಪಕರಾಗಿದ್ದ ಅವರು ಹಿಟ್ಲರನ ಆಡಳಿತ ಬಂದಾಗ, 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಹಿಂದೆ ಉಳಿದ ತಾಯಿ ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಜನಾಂಗದ್ವೇಷವನ್ನು ಕರಗಿಸುವ ಬಗೆಯನ್ನು ಅರಸುವುದು ಲೆವಿನ್ನರ ಕೊನೆಯ ವರ್ಷಗಳ ಕಾಯಕವಾಯಿತು.

1946ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ನಿನಲ್ಲಿ ತಾರತಮ್ಯ ನಿವಾರಣೆಗಾಗಿ ಒಂದು ಶಿಬಿರ ನಡೆಯಿತು. ಹಗಲು ಚರ್ಚೆ, ಪಾತ್ರಾಭಿನಯ; ಸಂಜೆ ಸಂಶೋಧಕರು ಶಿಬಿರಾರ್ಥಿಗಳ ವರ್ತನೆಯನ್ನು ತಮ್ಮೊಳಗೇ ವಿಶ್ಲೇಷಿಸುತ್ತಿದ್ದರು. ಒಮ್ಮೆ ಕೆಲವು ಶಿಬಿರಾರ್ಥಿಗಳು ಅದನ್ನು ಆಲಿಸಲು ಬಯಸಿದಾಗ ಲೆವಿನ್ ಸಮ್ಮತಿಸಿದರು. ತನ್ನ ಕುರಿತ ಮಾತನ್ನು ಕೇಳಿದ ಮಹಿಳೆಯೊಬ್ಬರು ಆಕ್ಷೇಪಿಸಿದರು, ವಾದ ಬಿಸಿಯೇರಿತು. ಮುಂದಿನ ಸಂಜೆಗಳಲ್ಲಿ ಇನ್ನೂ ಹೆಚ್ಚು ಮಂದಿ ಬಂದರು. ಮಾಡಿದ್ದನ್ನು ಇತರರೊಡನೆ ಕುಳಿತು ಪರಾಮರ್ಶಿಸಿದಾಗ ಪಾಠ ಆಳಕ್ಕಿಳಿಯುವುದೆಂದು ಅಲ್ಲಿ ಸ್ಪಷ್ಟವಾಯಿತು.

1947ರ ಫೆಬ್ರವರಿಯಲ್ಲಿ, 56ನೆಯ ವಯಸ್ಸಿನಲ್ಲಿ ಲೆವಿನ್ ನಿಧನರಾದರು. ಅದೇ ಬೇಸಗೆಯಲ್ಲಿ ಸಹೋದ್ಯೋಗಿಗಳು ಮೇನ್ ರಾಜ್ಯದ ಬೆಥೆಲ್‌ನಲ್ಲಿ ಈ ಬಗೆಯ ತರಬೇತಿಯನ್ನು ಆರಂಭಿಸಿದರು. 1984ರಲ್ಲಿ ಡೇವಿಡ್ ಕೋಲ್ಬ್ ನಿರೂಪಿಸಿದ ಅನುಭವಾಧಾರಿತ ಕಲಿಕೆಯ ಸಿದ್ಧಾಂತಕ್ಕೂ ಲೆವಿನ್ನರ ಚಿಂತನೆ ಆಧಾರವಾಯಿತು.