ತಾಯಂದಿರನ್ನುಳಿಸಿದ ಸೆಮ್ಮೆಲ್‌ವೈಸ್

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ

ನಮ್ಮ ಅವ್ವ ಊರಿನ ಒಂದು ದಂತ ಚಿಕಿತ್ಸಾಲಯದಲ್ಲಿ ಆಯಾ. ಬೆಳಿಗ್ಗೆ ಎಂಟಕ್ಕೆ ಹೋಗಿ ಕಸ ಗುಡಿಸಿ, ನೆಲ ಒರಸಿ, ಉಪಕರಣಗಳನ್ನು ತೊಳೆದು, ಹಲ್ಲಿನ ಎಕ್ಸ್-ರೇ ತೆಗೆಯುವ ಕೋಣೆಯನ್ನು ಅಣಿಗೊಳಿಸುವುದು ಅವಳ ಕೆಲಸ. ನಾನು ಕಾಲೇಜಿಗೆ ಸೇರಿದ ವರ್ಷ ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ತಾಯಿಯ ಉದ್ಯೋಗವೆಂಬ ಸಾಲಿನ ಮುಂದೆ ಮನೆಗೆಲಸವೆಂದು ಬರೆದೆ. ಬರೆದದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಆ ಸುಳ್ಳು ನನ್ನನ್ನು ಚುಚ್ಚತೊಡಗಿದ್ದು, ನೂರೈವತ್ತು ವರ್ಷಗಳಿಗೂ ಹಿಂದೆ ಪರದೇಶದಲ್ಲಿ ಬಾಳಿ ಮಡಿದ ಒಬ್ಬ ವೈದ್ಯನ ಚರಿತ್ರೆಯನ್ನು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಓದಿದ ಮೇಲೆ.

ಆ ವೈದ್ಯನೇ ಇಗ್ನಾಜ್ ಸೆಮ್ಮೆಲ್‌ವೈಸ್. 1818ರ ಜುಲೈ 1ರಂದು ಹಂಗೆರಿಯ ಬುಡಾ ಪಟ್ಟಣದಲ್ಲಿ ಒಬ್ಬ ದಿನಸಿ ವ್ಯಾಪಾರಿಯ ಮಗನಾಗಿ ಜನಿಸಿದನು. ಕಾನೂನು ಓದಲೆಂದು 1837ರಲ್ಲಿ ವಿಯೆನ್ನಾ ನಗರಕ್ಕೆ ಹೋದವನು ವೈದ್ಯಶಾಸ್ತ್ರಕ್ಕೆ ಮನಸೋತು, 1844ರಲ್ಲಿ ಪದವಿ ಪಡೆದನು. 1846ರಲ್ಲಿ ಅಲ್ಲಿಯ ಸಾರ್ವಜನಿಕ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ, ಪ್ರಾಧ್ಯಾಪಕ ಕ್ಲೈನ್‌ನ ಕೈಕೆಳಗೆ, ಸಹಾಯಕನಾದನು.

ಆ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದುವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ 4010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಎರಡನೆಯದರಲ್ಲಿ 3754 ಹೆರಿಗೆಗಳಾಗಿ 105 ಮಂದಿ ಸತ್ತರು. ಒಂದೇ ಆಸ್ಪತ್ರೆ, ಒಂದೇ ಊರಿನ ಗಾಳಿ. ಆದರೂ ಸಾವು ಒಂದು ಕಡೆ ನಾಲ್ಕು ಪಟ್ಟು! ಸುದ್ದಿ ಊರಿಗೆಲ್ಲ ತಿಳಿದಿತ್ತು. ಬಸುರಿಯರು ತಮ್ಮನ್ನು ಎರಡನೆಯ ವಿಭಾಗಕ್ಕೆ ಸೇರಿಸಿರೆಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಬರುವ ದಾರಿಯಲ್ಲಿಯೇ ಹೆತ್ತವರು ಕೂಡ ಮೊದಲನೆಯ ವಿಭಾಗದಲ್ಲಿ ಹೆತ್ತವರಿಗಿಂತ ಹೆಚ್ಚಾಗಿ ಬದುಕುತ್ತಿದ್ದರು.

ಈ ಬಾಣಂತಿ ಜ್ವರಕ್ಕೆ ಕೆಟ್ಟ ಗಾಳಿ ಕಾರಣವೆಂದು ಕೆಲವರು, ಜನಸಂದಣಿಯೆಂದು ಕೆಲವರು, ಸಾಯುವವರಿಗಾಗಿ ಗಂಟೆ ಬಾರಿಸುತ್ತ ಬರುವ ಪಾದ್ರಿಯನ್ನು ಕಂಡು ಹುಟ್ಟುವ ಭಯವೆಂದು ಇನ್ನು ಕೆಲವರು ಹೇಳುತ್ತಿದ್ದರು. ಸೆಮ್ಮೆಲ್‌ವೈಸನು ಒಂದೊಂದನ್ನೂ ಪರೀಕ್ಷಿಸಿ ನೋಡಿದನು. ಸಂದಣಿ ಎರಡನೆಯ ವಿಭಾಗದಲ್ಲಿಯೇ ಹೆಚ್ಚಾಗಿತ್ತು. ಪಾದ್ರಿಯ ದಾರಿ ಬದಲಿಸಿ ಗಂಟೆಯನ್ನು ನಿಲ್ಲಿಸಿದರೂ ಸಾವು ನಿಲ್ಲಲಿಲ್ಲ.

1847ರ ಮಾರ್ಚ್ ತಿಂಗಳಲ್ಲಿ ಅವನ ಸ್ನೇಹಿತ, ಶವಪರೀಕ್ಷೆಯ ಅಧ್ಯಾಪಕ ಕೊಲೆಚ್ಕನು ವಿದ್ಯಾರ್ಥಿಯೊಬ್ಬನ ಚಾಕು ಬೆರಳಿಗೆ ತಗುಲಿ ನಂಜೇರಿ ತೀರಿಕೊಂಡನು. ಅವನ ದೇಹದಲ್ಲಿ ಕಂಡ ಲಕ್ಷಣಗಳೆಲ್ಲ ಬಾಣಂತಿಯರ ದೇಹದಲ್ಲಿ ಕಂಡವೇ ಆಗಿದ್ದುವು. ಸೆಮ್ಮೆಲ್‌ವೈಸನಿಗೆ ಆಗ ನಿಜ ಹೊಳೆಯಿತು. ವಿದ್ಯಾರ್ಥಿಗಳೂ ತಾನೂ ಬೆಳಿಗ್ಗೆ ಹೆಣಗಳನ್ನು ಕೊಯ್ದು, ಅದೇ ಕೈಯಿಂದ ಹೆರಿಗೆಯ ಹಾಸುಗೆಗೆ ಹೋಗುತ್ತಿದ್ದರು. ಸೂಲಗಿತ್ತಿಯರು ಹೆಣ ಕೊಯ್ಯುತ್ತಿರಲಿಲ್ಲ. ಸಾವನ್ನು ಕೈಯಲ್ಲಿ ಹೊತ್ತು ತಂದವರು ವೈದ್ಯರೇ! ಅವನು ಹೆಚ್ಚು ಶ್ರದ್ಧೆಯಿಂದ ಶವಪರೀಕ್ಷೆ ಮಾಡಿದಷ್ಟೂ ಹೆಚ್ಚು ತಾಯಂದಿರು ಸತ್ತಿದ್ದರು. ಇದನ್ನು ತನಗೆ ತಾನೇ ಒಪ್ಪಿಕೊಳ್ಳುವುದಕ್ಕೆ ಎಂಥ ಎದೆ ಬೇಕು!

ಅದೇ ಮೇ ತಿಂಗಳಲ್ಲಿ ಅವನು ವಿಭಾಗದ ಬಾಗಿಲಲ್ಲಿ ಕ್ಲೋರಿನ್ ಸುಣ್ಣದ ನೀರಿನ ಬೋಗುಣಿಯನ್ನಿಡಿಸಿ, ಕೈ ತೊಳೆಯದೆ ಯಾರೂ ಒಳಹೋಗಕೂಡದೆಂದು ಕಟ್ಟಪ್ಪಣೆ ಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು ಎರಡಕ್ಕೆ ಇಳಿಯಿತು.

ಅಷ್ಟರಿಂದಲೇ ಕಥೆ ಮುಗಿಯಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಸಾಲಿನ ಮೊದಲ ಹಾಸುಗೆಯಲ್ಲಿ ಗರ್ಭಕೋಶದ ಅರ್ಬುದದಿಂದ ನರಳುತ್ತಿದ್ದ ಹೆಂಗಸೊಬ್ಬಳನ್ನು ಮಲಗಿಸಿದ್ದರು. ಬಾಗಿಲಲ್ಲಿ ಕೈ ತೊಳೆದು ಬಂದವರು ಮೊದಲು ಅವಳನ್ನು ಮುಟ್ಟಿ ನೋಡಿ, ಬಳಿಕ ಬರಿಯ ಸೋಪಿನಿಂದ ಕೈ ತೊಳೆದು ಉಳಿದವರನ್ನು ಮುಟ್ಟಿದರು. ಅವಳೊಡನೆ ಹೆರಿಗೆಯಾಗುತ್ತಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಹೆಣದಿಂದ ಮಾತ್ರವಲ್ಲ, ಬದುಕಿರುವ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೂ ದಾಟುವುದೆಂದು ಅವನಿಗೆ ಮನವರಿಕೆಯಾಯಿತು. ಅಂದಿನಿಂದ ಪ್ರತಿ ರೋಗಿಗೂ ನಡುವೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದನು. 1848ರಲ್ಲಿ ಮೊದಲನೆಯ ವಿಭಾಗದ 3556 ಹೆರಿಗೆಗಳಲ್ಲಿ ಸತ್ತವರು 45 ಮಂದಿ ಮಾತ್ರ.

ಇಷ್ಟು ಮಾಡಿದವನಿಗೆ ಲೋಕ ಹಾರ ಹಾಕಿತೆ? ಇಲ್ಲ. ಹೆಬ್ರ, ಸ್ಕೋಡ, ರೋಕಿಟಾನ್‌ಸ್ಕಿಯಂಥ ಕೆಲವು ಹಿರಿಯರು ಬೆನ್ನಿಗೆ ನಿಂತರೂ ಕ್ಲೈನ್ ಮೊದಲಾದವರು ಒಪ್ಪಲಿಲ್ಲ. 1849ರಲ್ಲಿ ಅವನ ಹುದ್ದೆಯನ್ನು ಮುಂದುವರಿಸಲಿಲ್ಲ. ಮರುವರ್ಷ ಅವನು ಬೇಸತ್ತು ಹಂಗೆರಿಗೆ ಹಿಂದಿರುಗಿ, ಪೆಸ್ಟ್ ನಗರದ ಆಸ್ಪತ್ರೆಯಲ್ಲಿ ಅದೇ ವಿಧಾನದಿಂದ ಬಾಣಂತಿಯರನ್ನು ಉಳಿಸಿದನು. ಅವನಲ್ಲಿಯೂ ಕೊರತೆಯಿರಲಿಲ್ಲವೆಂದಲ್ಲ. ತಾನು ಕಂಡದ್ದನ್ನು ಬಹುಕಾಲ ಬರೆಯಲಿಲ್ಲ; ಗ್ರಂಥ ಹೊರಬಂದದ್ದು 1861ರಲ್ಲಿ. ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದೇ ಜರೆದು ಶತ್ರುಗಳನ್ನು ಹೆಚ್ಚಿಸಿಕೊಂಡನು. ರೋಗಾಣುಗಳ ಅರಿವು ಇನ್ನೂ ನೆಲೆಗೊಳ್ಳದಿದ್ದ ಕಾಲವಾದ್ದರಿಂದ, ಕೈಗೆ ಅಂಟುವುದು ಏನೆಂಬುದನ್ನು ಅವನೂ ತೋರಿಸಲಾರದೆ ಹೋದನು.

ಕೊನೆಗೆ ಅವನ ಮನಸ್ಸು ಕದಡಿತು. 1865ರ ಜುಲೈ ಕೊನೆಯಲ್ಲಿ ವಿಯೆನ್ನಾದ ಹುಚ್ಚಾಸ್ಪತ್ರೆಯೊಂದಕ್ಕೆ ಅವನನ್ನು ಸೇರಿಸಿದರು. ಎರಡೇ ವಾರಗಳಲ್ಲಿ, ಆಗಸ್ಟ್ 13ರಂದು, ಗಾಯವೊಂದು ನಂಜೇರಿ ತೀರಿಕೊಂಡನು. ವಯಸ್ಸು ನಲವತ್ತೇಳು. ಯಾವ ನಂಜಿನೊಡನೆ ಬಾಳೆಲ್ಲ ಹೋರಾಡಿದನೋ ಅದೇ ಅವನನ್ನು ನುಂಗಿತು. ಅವನು ಸಾಯುವ ಹಿಂದಿನ ದಿನವೇ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ಹೊಸ ಯುಗವನ್ನು ತೆರೆದಿದ್ದನು. ಮುಂದೆ ಲೋಕ ಸೆಮ್ಮೆಲ್‌ವೈಸನನ್ನು ಗೌರವಿಸಿತು. ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ 1969ರಲ್ಲಿ ಅವನ ಹೆಸರಿಟ್ಟರು.

ಈ ಚರಿತ್ರೆಯನ್ನು ಓದಿ ಮುಗಿಸಿದಾಗ ನನ್ನ ಕಣ್ಣ ಮುಂದೆ ಬಂದವಳು ಅವ್ವ. ಹಿಂದೊಮ್ಮೆ ಸಂತೆಯ ದಿನ ಬೀಗದ ಕೈ ತರಲು ಅವಳ ಚಿಕಿತ್ಸಾಲಯಕ್ಕೆ ಹೋಗಿದ್ದೆ. ಎಕ್ಸ್-ರೇಗೆ ಜನ ಸಾಲುಗಟ್ಟಿದ್ದರು. ಬಾಯೊಳಗೆ ಇಡುವ ಸೆನ್ಸರನ್ನು ಕಾದ ಹಬೆಯಲ್ಲಿ ಬೇಯಿಸುವಂತಿಲ್ಲ, ಕೆಟ್ಟುಹೋಗುತ್ತದೆ. ಆದ್ದರಿಂದ ಅದಕ್ಕೆ ರೋಗಿಗೊಂದರಂತೆ ಹೊಸ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲ ತೆಗೆದ ಮೇಲೆ ಔಷಧದಿಂದ ಒರಸಬೇಕು. ಅದನ್ನು ಹಿಡಿದಿಡುವ ಹಿಡಿಯನ್ನು ಮಾತ್ರ ಆಟೋಕ್ಲೇವ್‌ನಲ್ಲಿಟ್ಟು ಹಬೆಯಲ್ಲಿ ಶುದ್ಧಿಮಾಡುತ್ತಾರೆ. ಎಂಜಲಾದ ಕೈಗವಸಿನಿಂದ ಯಂತ್ರದ ತೋಳನ್ನೋ ಗುಂಡಿಯನ್ನೋ ಮುಟ್ಟಿದರೆ ಅದನ್ನೂ ಒರಸಬೇಕು. ಆ ದಿನ ಹೊತ್ತಾಯಿತೆಂದು ವೈದ್ಯರು ಅದೇ ಚೀಲದಲ್ಲಿ ಮುಂದಿನವರನ್ನು ಮುಗಿಸೋಣವೆಂದರು. ಅವ್ವ ತಲೆ ತಗ್ಗಿಸಿಕೊಂಡೇ ಆಗುವುದಿಲ್ಲವೆಂದು ಹೇಳಿ, ಹೊಸ ಚೀಲ ತಂದಳು. ಎಲ್ಲರೆದುರು ಬೈಸಿಕೊಂಡಳು. ನಾನು ಅವಳ ಮಗಳೆಂದು ಯಾರಿಗೂ ತಿಳಿಯದಿರಲೆಂದು ಬಾಗಿಲಾಚೆ ಸರಿದು ನಿಂತೆ.

ಮೊದಲ ಹಾಸುಗೆಯಿಂದ ಹನ್ನೆರಡನೆಯ ಹಾಸುಗೆಗೆ ಸಾವು ನಡೆದುಹೋದ ದಾರಿಯನ್ನು ಕಂಡುಕೊಳ್ಳಲು ಸೆಮ್ಮೆಲ್‌ವೈಸನಂಥ ವಿದ್ವಾಂಸ ಬೇಕಾಯಿತು. ಕಂಡುಕೊಂಡ ಮೇಲೆ ಆ ದಾರಿಯನ್ನು ದಿನದಿನವೂ ಮುಚ್ಚುವವರು ಅವ್ವನಂಥವರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವಳು ಸೆಮ್ಮೆಲ್‌ವೈಸನ ಹೆಸರನ್ನು ಕೇಳಿಲ್ಲ. ಒಂದು ರಾತ್ರಿ ಅಡಿಗೆ ಮನೆಯಲ್ಲಿ ಕುಳಿತು ಅವನ ಕಥೆಯನ್ನೆಲ್ಲ ಹೇಳಿದೆ. ಹನ್ನೊಂದು ಬಾಣಂತಿಯರ ಮಾತು ಬಂದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಅವರ ಕೂಸುಗಳು ಏನಾದುವೆಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ವರ್ಷ ಮತ್ತೆ ವಿದ್ಯಾರ್ಥಿವೇತನದ ಅರ್ಜಿ ತುಂಬಿದೆ. ತಾಯಿಯ ಉದ್ಯೋಗದ ಮುಂದೆ, ದಂತ ಚಿಕಿತ್ಸಾಲಯದಲ್ಲಿ ಆಯಾ ಎಂದು ಅಂದವಾದ ಅಕ್ಷರಗಳಲ್ಲಿ ಬರೆದೆ.